ಹನ್ನೆರಡರ ಮಗಳಿಗೆ ಹಗುರವಾದ ಏರ್ ರೈಫಲ್: ಪಾಲಿಮರ್ ಭಾಗಗಳನ್ನು ಎಲ್ಲಿಯವರೆಗೆ ಬಳಸಬಹುದು?

ವಿದ್ಯಾರಣ್ಯಪುರದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹನ್ನೆರಡು ತುಂಬಿದೆ. ಒಂದೂವರೆ ವರ್ಷದಿಂದ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಅವಳ ಮೈತೂಕ 36 ಕಿಲೋ. ಕ್ಲಬ್ಬಿನವರು ಅಭ್ಯಾಸಕ್ಕೆ ಕೊಟ್ಟಿರುವುದು ದೊಡ್ಡವರ ಅಳತೆಯ, ಅಲ್ಯೂಮಿನಿಯಂ ಸ್ಟಾಕ್ (ಉಳಿದ ಭಾಗಗಳನ್ನೆಲ್ಲ ಹೊತ್ತು ಭುಜಕ್ಕೆ ಒರಗುವ ಚೌಕಟ್ಟು) ಇರುವ ರೈಫಲ್. ಗುರಿ ನೋಡುವ ಸೈಟುಗಳ ಸಮೇತ ತೂಗಿದರೆ 4.6 ಕಿಲೋ ಬರುತ್ತದೆ, ಅಂದರೆ ಅವಳ ಮೈತೂಕದ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು.

ಮೊದಲ ಇಪ್ಪತ್ತು ಹೊಡೆತಗಳು ಚೆನ್ನಾಗಿಯೇ ಬೀಳುತ್ತವೆ. ನಲವತ್ತು ದಾಟಿದ ಮೇಲೆ ಎಡ ಭುಜ ತಾನಾಗಿ ಮೇಲೇರುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ, ಅಂಕಗಳು ಕೆಳಕ್ಕೆ ಜಾರುತ್ತವೆ. ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಸೀಟಿಗೆ ಸೊಂಟ ಒತ್ತಿಕೊಂಡು ಸುಮ್ಮನೆ ಕೂರುತ್ತಾಳೆ. ಅವಳು ನೋವೆಂದು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಎಲ್ಲಿ ಬಿಡಿಸಿಬಿಡುತ್ತೇನೋ ಎಂಬ ಭಯ ಅವಳಿಗೆ.

ಪೀಣ್ಯದಲ್ಲಿ ತ್ರೀಡಿ ಪ್ರಿಂಟಿಂಗ್ ಮಾಡುವವರೊಬ್ಬರು ಅಲ್ಯೂಮಿನಿಯಂ ಸ್ಟಾಕನ್ನು ಪೂರ್ತಿಯಾಗಿ ತೆಗೆದು, ಪಾಲಿಮರಿನಲ್ಲಿ, ಅಂದರೆ ಪ್ಲಾಸ್ಟಿಕ್ಕಿನಲ್ಲಿ, ಹೊಸದಾಗಿ ಮಾಡಿಕೊಡುತ್ತೇವೆ, ಒಟ್ಟು ತೂಕ 3 ಕಿಲೋಗಿಂತ ಕಡಿಮೆ ಬರುತ್ತದೆ ಎಂದಿದ್ದಾರೆ. ಕ್ಲಬ್ಬಿನ ಅನುಮತಿ ಕೇಳುವ ಮೊದಲು ತಿಳಿದವರ ಮಾತು ಕೇಳಬೇಕೆನಿಸಿತು. ಅಡುಗೆಮನೆಯ ತಕ್ಕಡಿಯಲ್ಲಿ ಬಿಚ್ಚಬಹುದಾದ ಭಾಗಗಳನ್ನು ಒಂದೊಂದಾಗಿ ಇಟ್ಟು ತೂಗಿದ್ದೇನೆ: ಕೆನ್ನೆ ಒರಗಿಸುವ ಚೀಕ್ ಪೀಸ್ 190 ಗ್ರಾಂ, ಟ್ರಿಗರ್ ಒತ್ತುವ ಕೈ ಹಿಡಿಯುವ ಮರದ ಗ್ರಿಪ್ 210 ಗ್ರಾಂ, ಎಡಗೈ ಮೇಲೆ ಕೂರುವ ಫೋರ್ ಎಂಡ್ ರೈಸರ್ 240 ಗ್ರಾಂ, ಬ್ಯಾರೆಲ್ಲಿನ ತುದಿಗೆ ಹಾಕಿರುವ ತೂಕದ ಬಿಲ್ಲೆಗಳು 160 ಗ್ರಾಂ. ಎಲ್ಲಿಂದ ಆರಂಭಿಸಲಿ?

ಹಳೆಯ ಶೂಟರ್, ಈಗ ತರಬೇತುದಾರ

ಮೇಡಂ, ತಾವು ಭಾಗಗಳನ್ನು ತೂಗಿ ಬರೆದದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಸ್ಟಾಕನ್ನು ದಯವಿಟ್ಟು ಮುಟ್ಟಬೇಡಿ. ಬ್ಯಾರೆಲ್ಲು, ಗಾಳಿಯ ಕವಾಟ, ಟ್ರಿಗರ್, ಸೈಟು ಇವೆಲ್ಲ ಒಂದಕ್ಕೊಂದು ಕದಲದಂತೆ ಹಿಡಿದಿಡುವುದು ಅದೇ. 10 ಮೀಟರ್ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಒಂದು ವೃತ್ತಕ್ಕೂ ಮುಂದಿನ ವೃತ್ತಕ್ಕೂ ನಡುವೆ ಇರುವುದು ಎರಡೂವರೆ ಮಿಲಿಮೀಟರ್. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 80 ಸೆಂಟಿಮೀಟರ್ ಅಂತರ ಇದೆ ಎಂದುಕೊಂಡರೆ, ಮುಂದಿನ ಸೈಟು 0.2 ಮಿಲಿಮೀಟರ್ ಸರಿದರೂ ಒಂದು ಪೂರ್ತಿ ಅಂಕ ಹೋಗುತ್ತದೆ. ಕಾಗದದ ಎರಡು ಹಾಳೆಗಳ ದಪ್ಪ ಅಷ್ಟೇ. ಸ್ಟಾಕ್ ಅಷ್ಟು ಬಾಗಿದರೂ ಮಗು ತನ್ನದೇ ತಪ್ಪೆಂದುಕೊಂಡು ತಿಂಗಳುಗಟ್ಟಲೆ ಕೊರಗುತ್ತದೆ, ನಾನು ಅಂಥ ಮಕ್ಕಳನ್ನು ನೋಡಿದ್ದೇನೆ.

ಇನ್ನು ತೂಕದ ವಿಷಯ. ನಿಂತು ಹೊಡೆಯುವ ಭಂಗಿಯಲ್ಲಿ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂತಿರಬೇಕು. ರೈಫಲ್ಲಿನ ಭಾರವನ್ನು ಮೂಳೆ ಹೊರಬೇಕೇ ಹೊರತು ಸ್ನಾಯುವಲ್ಲ. ಭಾರ ಮೂಳೆಯ ಮೇಲೆ ನೇರವಾಗಿ ಇಳಿದರೆ 36 ಕಿಲೋದ ಮಗುವೂ ನಾಲ್ಕು ಕಿಲೋವನ್ನು ನೆಮ್ಮದಿಯಾಗಿ ಹೊರುತ್ತದೆ. ಮುಂಭಾರವಾದಾಗ ಮಾತ್ರ ತೊಂದರೆ. ಏತದ ಮರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಬ್ಯಾರೆಲ್ ತುದಿಯ 160 ಗ್ರಾಂ ಬಿಲ್ಲೆಗಳು ಎಡಗೈಯಿಂದ ಸುಮಾರು ಅರ್ಧ ಮೀಟರ್ ಮುಂದಿದ್ದರೆ, ಅವನ್ನು ಸರಿದೂಗಿಸಲು ಕೈಯಿಂದ 20 ಸೆಂಟಿಮೀಟರ್ ಹಿಂದೆ 400 ಗ್ರಾಂ ಬೇಕು. ಆ 400 ಗ್ರಾಮಿನ ಕೆಲಸವನ್ನು ಈಗ ನಿಮ್ಮ ಮಗಳ ಬೆನ್ನಿನ ಕೆಳಭಾಗದ ಸ್ನಾಯುಗಳು ಮಾಡುತ್ತಿವೆ, ಅದಕ್ಕೇ ಅವಳು ಹಿಂದಕ್ಕೆ ಬಾಗುತ್ತಿದ್ದಾಳೆ.

ಆದ್ದರಿಂದ ಇವತ್ತೇ, ಖರ್ಚಿಲ್ಲದೆ, ಬ್ಯಾರೆಲ್ ತುದಿಯ ಬಿಲ್ಲೆಗಳನ್ನು ಬಿಚ್ಚಿಡಿ. ಒಂದು ವಾರ ಹಾಗೇ ಅಭ್ಯಾಸ ಮಾಡಿಸಿ ನೋಡಿ ಬರೆಯಿರಿ.

3 ಕಿಲೋಗಿಂತ ಕಡಿಮೆ ಎಂಬ ಮಾತಿಗೆ ಮರುಳಾಗಬೇಡಿ. ಅಂತಾರಾಷ್ಟ್ರೀಯ ನಿಯಮದಲ್ಲಿ ಈ ಸ್ಪರ್ಧೆಯ ರೈಫಲ್ಲಿಗೆ 5.5 ಕಿಲೋ ಗರಿಷ್ಠ ಮಿತಿ ಮಾತ್ರ ಇದೆ, ಕನಿಷ್ಠ ಮಿತಿ ಇಲ್ಲ. ಆದರೂ ದೊಡ್ಡ ಶೂಟರುಗಳು ಯಾರೂ ಹಗುರವಾದದ್ದನ್ನು ಹುಡುಕಿಕೊಂಡು ಹೋಗುವುದಿಲ್ಲ. ತೀರ ಹಗುರವಾದ ರೈಫಲ್ ಎದೆಬಡಿತವನ್ನೂ ಉಸಿರನ್ನೂ ಹಾಗೆಯೇ ಗುರಿಹಲಗೆಯ ಮೇಲೆ ಬರೆಯುತ್ತದೆ. ಸ್ವಲ್ಪ ಭಾರವಿದ್ದರೆ ಆ ಸಣ್ಣ ಅಲುಗಾಟಗಳನ್ನು ಭಾರವೇ ನುಂಗುತ್ತದೆ. ಮಗುವಿನ ರೈಫಲ್ಲಿಗೆ ಬೇಕಾದದ್ದು ಅವಳು ಕೊನೆಯ ಹೊಡೆತದವರೆಗೂ ಹೊರಬಲ್ಲಷ್ಟು ಭಾರ, ಅದೂ ಎರಡು ಕೈಗಳ ನಡುವೆ ಕೂತ ಭಾರ.

ಪೀಣ್ಯದ ಅಚ್ಚು ವಿನ್ಯಾಸಕ

ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುವ) ಅಚ್ಚುಗಳ ವಿನ್ಯಾಸದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ, ಮಗನೂ ಶೂಟರ್. ಮೇಲಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪಾಲಿಮರ್ ಎಂಬುದು ಒಂದೇ ವಸ್ತುವಿನ ಹೆಸರಲ್ಲವಾದ್ದರಿಂದ ವಸ್ತುವಿನ ಕಡೆಯಿಂದಲೂ ಕೆಲವು ಮಾತು ಸೇರಿಸುತ್ತೇನೆ.

ಪ್ರಿಂಟಿಂಗ್ ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವುದು ಪಿಎಲ್ಎ ಎಂಬ ಪ್ಲಾಸ್ಟಿಕ್. ನೋಡಲು ಗಟ್ಟಿ, ಅಳತೆ ನಿಖರ, ಬೆಲೆ ಕಡಿಮೆ. ಆದರೆ ಸುಮಾರು 60 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ. ಪಿಇಟಿಜಿ ಸುಮಾರು 80 ಡಿಗ್ರಿಯವರೆಗೆ, ಎಬಿಎಸ್ 100 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತವೆ. ನೈಲಾನಿನಲ್ಲಿಯೂ ಜಾತಿಗಳಿವೆ. ನೈಲಾನ್ 6 ಬಹಳ ಗಟ್ಟಿಮುಟ್ಟು, ಆದರೆ ಗಾಳಿಯ ತೇವವನ್ನು ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ನಮ್ಮ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಒಂದು ಅಳತೆ, ಫೆಬ್ರುವರಿಯ ಒಣಗಾಳಿಯಲ್ಲಿ ಇನ್ನೊಂದು ಅಳತೆ ತೋರಿಸುತ್ತದೆ. ನೈಲಾನ್ 12 ತೇವವನ್ನು ಅದಕ್ಕಿಂತ ಬಹಳ ಕಡಿಮೆ ಹೀರುತ್ತದೆ. ಅದನ್ನು ಪುಡಿಯ ರೂಪದಲ್ಲಿ ಹರಡಿ ಲೇಸರಿನಿಂದ ಬೆಸೆಯುವ ವಿಧಾನದಲ್ಲಿ ಪದರಗಳ ನಡುವಿನ ಬೆಸುಗೆಯೂ ಚೆನ್ನಾಗಿರುತ್ತದೆ. ನನ್ನನ್ನು ಕೇಳಿದರೆ ಗ್ರಿಪ್ಪಿಗೂ ಚೀಕ್ ಪೀಸಿಗೂ ಅದೇ ಸರಿ. ಬೆಂಗಳೂರಿನಲ್ಲಿ ಆ ಯಂತ್ರ ಇರುವವರು ಸಿಗುತ್ತಾರೆ.

ಇನ್ನು, ಜನ ಹೆಚ್ಚು ಯೋಚಿಸದ ಒಂದು ಗುಣವಿದೆ. ಪ್ಲಾಸ್ಟಿಕ್ಕಿನ ಮೇಲೆ ಬೋಲ್ಟನ್ನು ಬಿಗಿಯಾಗಿ ಕೂರಿಸಿ ಬಿಟ್ಟರೆ ಆ ಒತ್ತಡಕ್ಕೆ ಅದು ದಿನದಿನವೂ ಕೂದಲೆಳೆಯಷ್ಟು ಸರಿಯುತ್ತಲೇ ಹೋಗುತ್ತದೆ. ಲೋಹ ಹಾಗೆ ಮಾಡುವುದಿಲ್ಲ. ಒಂದು ತಿಂಗಳ ನಂತರ ಬೋಲ್ಟ್ ಅಲ್ಲೇ ಇರುತ್ತದೆ, ಬಿಗಿತ ಮಾತ್ರ ಇರುವುದಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿಗೆ ನೇರವಾಗಿ ಮರೆ (ಬೋಲ್ಟಿನ ಥ್ರೆಡ್) ಕೊರೆಯಬೇಡಿ. ಹಿತ್ತಾಳೆಯ ಮರೆಯುಳ್ಳ ಬುಶ್ಶನ್ನು ಕಾಯಿಸಿ ಒಳಗೆ ಕೂರಿಸಿ. ಬೋಲ್ಟಿನ ತಲೆಯ ಕೆಳಗೆ ಅಗಲವಾದ ವಾಷರ್ ಹಾಕಿ. ಪದರ ಪದರವಾಗಿ ಮೂಡುವ ವಸ್ತುವಾದರೆ ಬೋಲ್ಟಿನ ಎಳೆತ ಪದರಗಳನ್ನು ಬಿಡಿಸುವ ದಿಕ್ಕಿನಲ್ಲಿ ಬೀಳದಂತೆ ಪ್ರಿಂಟರಿನ ಮೇಲೆ ಮಲಗಿಸಬೇಕು. ಸೌದೆ ಸೀಳುವವರು ನಾರಿನ ಗುಂಟ ಕೊಡಲಿ ಹಾಕುತ್ತಾರಲ್ಲ, ಪದರಗಳೂ ಹಾಗೆಯೇ ಸೀಳುತ್ತವೆ.

ಗಾಜಿನ ಎಳೆ ಬೆರೆತ ನೈಲಾನನ್ನು ಯಾರಾದರೂ ಉಜ್ಜಿ ನಯ ಮಾಡುವುದಾದರೆ ಮಾಸ್ಕ್ ಹಾಕಿಕೊಂಡು, ನೀರು ಹಾಕಿಕೊಂಡು ಉಜ್ಜಬೇಕು. ಆ ಧೂಳು ಮಕ್ಕಳಿರುವ ಮನೆಯೊಳಗೆ ಬೇಡ.

ಜಯನಗರ

ಇಷ್ಟೆಲ್ಲ ಹೆದರಿಸುವುದು ಏಕೆಂದು ತಿಳಿಯಲಿಲ್ಲ. ಅಮೆರಿಕದಲ್ಲಿ ರೆಮಿಂಗ್ಟನ್ ಕಂಪನಿ 1959ರಲ್ಲೇ ನೈಲಾನ್ 66 ಎಂಬ ಪಾಯಿಂಟ್ 22 (0.22 ಅಂಗುಲ ವ್ಯಾಸದ ಗುಂಡಿನ) ರೈಫಲ್ಲನ್ನು ತಂದಿತ್ತು. ಡ್ಯುಪಾಂಟ್ ಕಂಪನಿಯ ನೈಲಾನಿನಲ್ಲಿ ಸ್ಟಾಕನ್ನೂ ರಿಸೀವರನ್ನೂ (ಗುಂಡು ಹೊಡೆಯುವ ಯಂತ್ರಭಾಗವನ್ನು ಹಿಡಿದಿಡುವ ಕವಚ) ಒಟ್ಟಿಗೆ ಮಾಡಿದ್ದರು. ತೂಕ ಎರಡು ಕಿಲೋಗಿಂತ ಕಡಿಮೆ, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆಸ್ಟ್ರಿಯಾದ ಸೇನಾ ರೈಫಲ್ ಸ್ಟೇರ್ ಎಯುಜಿಯ ಸ್ಟಾಕ್ ಕೂಡ ಪಾಲಿಮರಿನದ್ದೇ. ಅರವತ್ತು ವರ್ಷದ ಹಿಂದೆ ಅವರಿಂದ ಆದದ್ದು ಇವತ್ತು ಪೀಣ್ಯದಲ್ಲಿ ಆಗದೇ? ಒಬ್ಬೊಬ್ಬರಿಗೆ ತಕ್ಕಂತೆ ಇಡೀ ರೈಫಲ್ಲನ್ನೇ ಪಾಲಿಮರಿನಲ್ಲಿ ಮಾಡಿಕೊಳ್ಳಬಹುದಲ್ಲ?

ಪೀಣ್ಯದ ಅಚ್ಚು ವಿನ್ಯಾಸಕ

ಸರ್, ತಾವು ಹೇಳಿದ ರೈಫಲ್ ಬಗ್ಗೆ ನನಗೆ ಬಹಳ ಗೌರವವಿದೆ. 1959ರಲ್ಲಿ ಟಾಮ್ ಫ್ರೈ ಎಂಬ ಶೂಟರ್ ಅಂಥ ರೈಫಲ್ಲುಗಳಿಂದ ಹದಿಮೂರು ದಿನಗಳಲ್ಲಿ ಗಾಳಿಗೆಸೆದ 1,00,010 ಮರದ ತುಂಡುಗಳಿಗೆ ಗುರಿಯಿಟ್ಟು ಆರನ್ನು ಮಾತ್ರ ತಪ್ಪಿಸಿಕೊಂಡಿದ್ದರು. ಆದರೆ ಆ ಸ್ಟಾಕ್ ಉಕ್ಕಿನ ಅಚ್ಚಿನಲ್ಲಿ ಭಾರಿ ಒತ್ತಡದಲ್ಲಿ ಎರಡು ಹೋಳುಗಳಾಗಿ ಮೂಡಿ, ಆಮೇಲೆ ಒಂದಾಗಿ ಬೆಸೆದದ್ದು. ಒಂದು ಅಚ್ಚು ಮಾಡಿ, ಹತ್ತಾರು ಬಾರಿ ತಿದ್ದಿ, ಸಾವಿರಾರು ತುಂಡು ತೆಗೆದು, ಬೀಳಿಸಿ ಕುಟ್ಟಿ ನೋಡಿದ ಮೇಲೆ ಅಂಥದ್ದು ಹೊರಬರುತ್ತದೆ. ನನ್ನ ವೃತ್ತಿಯೇ ಅದಾದ್ದರಿಂದ ಹೇಳುತ್ತೇನೆ, ಒಂದೇ ಒಂದು ತುಂಡನ್ನು ಪ್ರಿಂಟರಿನಲ್ಲಿ ತೆಗೆದು ಅದಕ್ಕೆ ಇದನ್ನು ಹೋಲಿಸುವುದು ಸರಿಯಲ್ಲ.

ಅಷ್ಟು ಕಟ್ಟುನಿಟ್ಟಾಗಿ ಮಾಡಿದರೂ ವಸ್ತು ಕೈಕೊಟ್ಟದ್ದುಂಟು. ನಮ್ಮ ಸೇನೆಯ ಇನ್ಸಾಸ್ ರೈಫಲ್ಲಿನ, ಗುಂಡು ತುಂಬುವ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು 1999ರ ಕಾರ್ಗಿಲ್ ಚಳಿಯಲ್ಲಿ ಬಿರುಕು ಬಿಟ್ಟ ಸಂಗತಿ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಬಯಲುಸೀಮೆಯ ಬಿಸಿಲಿಗೆ ತಡೆದ ಪ್ಲಾಸ್ಟಿಕ್ ಹಿಮದಲ್ಲಿ ತಡೆಯಲೇಬೇಕೆಂದಿಲ್ಲ.

ಮಡಿಕೇರಿ ಮೂಲದ ವಕೀಲ, ಮಲ್ಲೇಶ್ವರ

ಜಯನಗರದವರ ಪ್ರಶ್ನೆಗೆ ಕಾನೂನಿನ ಉತ್ತರವನ್ನೂ ಇಲ್ಲಿ ದಾಖಲಿಸಬೇಕು. ಇದನ್ನು ಓದುವ ಹುಡುಗರಲ್ಲಿ ಯಾರಿಗಾದರೂ ಮನೆಯಲ್ಲೇ ಬಂದೂಕು ಜೋಡಿಸುವ ಯೋಚನೆ ಬಂದರೆ ಅದರ ಪರಿಣಾಮ ಜೀವನಪರ್ಯಂತ ಉಳಿಯುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ತಯಾರಿಕೆ, ಮಾರಾಟ, ರೂಪಾಂತರ, ದುರಸ್ತಿ ಎಲ್ಲಕ್ಕೂ ಪರವಾನಗಿ ಬೇಕು. ಬಳಸಿದ ವಸ್ತು ಉಕ್ಕೋ ಪ್ಲಾಸ್ಟಿಕ್ಕೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಪಾಯಿಂಟ್ 22 ಆಗಲಿ, ಅದಕ್ಕಿಂತ ದೊಡ್ಡದಾಗಲಿ, ಪರವಾನಗಿ ಇರುವ ಬಂದೂಕಿನ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರರೇ ಮಾಡಬೇಕು.

ನಮ್ಮ ಕಡೆಯವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಭೂಮಿಯ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನ ದಿನ ತೋಕ್‌ಗೆ (ಬಂದೂಕಿಗೆ) ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಹುಟ್ಟಿದವನು ನಾನು. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು; ಹೊಸದನ್ನು ತಯಾರಿಸುವುದಕ್ಕೆ ಅದು ಅನ್ವಯಿಸುವುದಿಲ್ಲ.

ಏರ್ ರೈಫಲ್ಲಿನ ಸ್ಥಿತಿ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 4.5 ಮಿಲಿಮೀಟರ್ ನಳಿಕೆಯ ವ್ಯಾಸ ಮತ್ತು 20 ಜೂಲ್ ಶಕ್ತಿಯ ಮಿತಿಯೊಳಗಿನ ಗಾಳಿ ಬಂದೂಕಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ರೈಫಲ್ ಸುಮಾರು 0.53 ಗ್ರಾಮಿನ ಪೆಲೆಟ್ಟನ್ನು (ಸಣ್ಣ ಗುಂಡನ್ನು) ಸೆಕೆಂಡಿಗೆ 170 ಮೀಟರ್ ಆಸುಪಾಸಿನ ವೇಗದಲ್ಲಿ ಬಿಡುವುದರಿಂದ ಅದರ ಶಕ್ತಿ ಏಳೂವರೆ ಜೂಲ್ ಹತ್ತಿರ ನಿಲ್ಲುತ್ತದೆ. ಮಗುವಿನ ಕೆನ್ನೆ ತಾಗುವ ಜಾಗವನ್ನೋ ಕೈ ಹಿಡಿಯುವ ಜಾಗವನ್ನೋ ಬದಲಿಸುವುದರಿಂದ ಆ ಲೆಕ್ಕ ಕದಲುವುದಿಲ್ಲ. ಕವಾಟಕ್ಕೂ ಸ್ಪ್ರಿಂಗಿಗೂ ಕೈ ಹಾಕಿ ವೇಗ ಹೆಚ್ಚಿಸಲು ಹೋದರೆ ಕದಲುತ್ತದೆ. ಕ್ಲಬ್ಬಿನ ಸ್ವತ್ತಾದ್ದರಿಂದ ಲಿಖಿತ ಒಪ್ಪಿಗೆ ಪಡೆದು, ಬಿಚ್ಚಿದ ಮೂಲ ಭಾಗಗಳನ್ನು ಒಂದು ಡಬ್ಬದಲ್ಲಿ ಹಾಗೇ ಇಟ್ಟಿರಿ.

ಜಯನಗರ

ವಕೀಲರೇ, ವಿನ್ಯಾಸಕರೇ, ಧನ್ಯವಾದ. ನಾನು ಆ ದಿಕ್ಕಿನಿಂದ ಯೋಚಿಸಿರಲಿಲ್ಲ. ಇಡೀ ರೈಫಲ್ ಎಂಬ ಮಾತನ್ನು ಹಿಂತೆಗೆದುಕೊಂಡಿದ್ದೇನೆ.

ಕೆಂಗೇರಿಯ ತಂದೆ

ಪಿಎಲ್ಎ ಬಗ್ಗೆ ಅಚ್ಚು ವಿನ್ಯಾಸಕರು ಬರೆದದ್ದು ಎಷ್ಟು ನಿಜ ಎಂಬುದನ್ನು ನಾವು ಅನುಭವಿಸಿದ್ದೇವೆ. ಹೋದ ಏಪ್ರಿಲ್‌ನಲ್ಲಿ ಮಗನಿಗೆ ಚೀಕ್ ಪೀಸ್ ಪ್ರಿಂಟ್ ಮಾಡಿಸಿದ್ದೆ. ಅಂಗಡಿಯವರು ಯಾವ ವಸ್ತು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ಪರ್ಧೆಯ ದಿನ ಮಧ್ಯಾಹ್ನದ ಸರದಿ. ರೈಫಲ್ ಪೆಟ್ಟಿಗೆ ಕಾರಿನ ಹಿಂದಿನ ಗಾಜಿನಡಿ ಬಿಸಿಲಿನಲ್ಲಿ ಎರಡು ಗಂಟೆ ಇತ್ತು. ಬಿಚ್ಚಿ ನೋಡಿದಾಗ ಚೀಕ್ ಪೀಸ್ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತಿತ್ತು. ಹುಡುಗ ಕೆನ್ನೆ ಇಟ್ಟ ಕೂಡಲೇ "ಅಪ್ಪಾ, ರಿಂಗ್ ಕಾಣ್ತಿಲ್ಲ" ಎಂದ. ಕೆನ್ನೆಯ ಒತ್ತಡ ಬೀಳುವ ಕಡೆ ಅದು ಒಳಕ್ಕೆ ಬಾಗಿ, ಅವನ ಕಣ್ಣು ಹಿಂದಿನ ಸೈಟಿನ ರಂಧ್ರದ ನೇರಕ್ಕೆ ಬರುತ್ತಲೇ ಇರಲಿಲ್ಲ. ಹಳೆಯ ಮರದ ಚೀಕ್ ಪೀಸ್ ಮನೆಯಲ್ಲಿತ್ತು. ಕರ್ಚೀಫ್ ಮಡಿಸಿ ಸುತ್ತಿಕೊಂಡು ಹೊಡೆಯೋಣವೆಂದರೆ ತಪಾಸಣೆಯ ನಂತರ ಹಾಗೆ ಬದಲಿಸುವಂತಿರಲಿಲ್ಲ. ಕುತ್ತಿಗೆ ಸೊಟ್ಟ ಮಾಡಿಕೊಂಡೇ ಅರವತ್ತೂ ಹೊಡೆದ. ಆ ಹೊತ್ತಿನ ಅವನ ಮುಖ ನನ್ನ ಕಣ್ಣ ಮುಂದೆ ಈಗಲೂ ಇದೆ.

ದಯವಿಟ್ಟು ವಸ್ತುವಿನ ಹೆಸರು ಕೇಳಿ ಬರೆಸಿಕೊಳ್ಳಿ. ಮೂಲ ಭಾಗಗಳನ್ನು ಪೆಟ್ಟಿಗೆಯಲ್ಲೇ ಒಯ್ಯಿರಿ.

ಹಳೆಯ ಶೂಟರ್, ಈಗ ತರಬೇತುದಾರ

ಕೆಂಗೇರಿಯವರ ಅನುಭವ ಓದಿ ಬೇಸರವಾಯಿತು. ಪ್ರಯಾಣದ ನಂತರ ರೈಫಲ್ಲನ್ನು ನಂಬುವ ಮೊದಲು ಹೊಡೆದು ನೋಡಲೇಬೇಕು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಫೈನಲ್‌ಗೆ ಮುಂಚಿನ ಪರೀಕ್ಷಾ ಹೊಡೆತದಲ್ಲಿ ತಮ್ಮ ಪೆಲೆಟ್ ಹತ್ತರಿಂದ ಬಹಳ ದೂರ ಬಿದ್ದದ್ದನ್ನು ನೋಡಿದ ಅಭಿನವ್ ಬಿಂದ್ರಾ, ಸೈಟು ಕದಲಿದೆಯೆಂದು ಅರಿತು, ಇದ್ದ ಕೆಲವೇ ನಿಮಿಷಗಳಲ್ಲಿ ತಿದ್ದಿಕೊಂಡರು. ಕೊನೆಯ ಹೊಡೆತ 10.8, ನಮ್ಮ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ಮಕ್ಕಳಿಗೆ ನಾನು ಹೇಳುವುದು ಆ ಕೆಲವು ನಿಮಿಷಗಳ ಬಗ್ಗೆಯೇ.

ಬಸವನಗುಡಿ

ಒಂದು ಸಣ್ಣ ಮಾತು. ಪ್ಲಾಸ್ಟಿಕ್ ಎಂದರೆ ಮರಕ್ಕಿಂತ ಹಗುರ ಎಂದು ಎಲ್ಲರೂ ಭಾವಿಸಿದ ಹಾಗಿದೆ. ಒಂದು ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಅಕ್ರೋಟ್ ಮರದ ಸಾಂದ್ರತೆ 0.65ರ ಸುತ್ತಮುತ್ತ, ನೈಲಾನ್ 12ರದ್ದು 1.01, ಪಿಎಲ್ಎಯದ್ದು 1.24, ಅಲ್ಯೂಮಿನಿಯಂನದ್ದು 2.7. ಒಳಗೆ ಗಟ್ಟಿಯಾಗಿ ತುಂಬಿ ಮಾಡಿದರೆ ಪ್ಲಾಸ್ಟಿಕ್ ಗ್ರಿಪ್ ಮರದ್ದಕ್ಕಿಂತ ಭಾರವೇ ಬರುತ್ತದೆ. ಒಳಗೆ ಟೊಳ್ಳು ಬಿಟ್ಟು, ಜೇನುಗೂಡಿನಂಥ ಗೋಡೆಗಳನ್ನು ಕೊಟ್ಟರೆ ಮಾತ್ರ ಅದರ ಪ್ರಯೋಜನ. ಮರವನ್ನು ಕೊರೆದು ತೂಕ ಇಳಿಸುವ ಒಳ್ಳೆಯ ಬಡಗಿಗಳೂ ನಮ್ಮಲ್ಲಿ ಇದ್ದಾರೆ, ಅವರನ್ನು ಮರೆಯಬಾರದು.

ಪೀಣ್ಯದ ಅಚ್ಚು ವಿನ್ಯಾಸಕ

ಲೆಕ್ಕ ಸರಿಯಾಗಿದೆ ಸರ್. ಪ್ಲಾಸ್ಟಿಕ್ಕಿನ ದೊಡ್ಡ ಅನುಕೂಲ ಏನೆಂದರೆ ಮಗು ಬೆಳೆದಂತೆ ಅದೇ ಫೈಲಿನಲ್ಲಿ ಅಳತೆ ಬದಲಿಸಿ ಇನ್ನೊಂದನ್ನು ತೆಗೆಯಬಹುದು. ಹನ್ನೆರಡರ ಕೈ ಹದಿಮೂರಕ್ಕೆ ಅದೇ ಇರುವುದಿಲ್ಲ.

ವಿದ್ಯಾರಣ್ಯಪುರದ ತಾಯಿ

ಮೂರು ವಾರದ ವರದಿ. ಬಿಲ್ಲೆಗಳನ್ನು ಬಿಚ್ಚಿದ ಮೊದಲ ದಿನ ಅವಳು "ಮೂತಿ ಗಾಳೀಲಿ ತೇಲ್ತಿದೆ ಅಮ್ಮ" ಎಂದು ಗೊಣಗಿದಳು. ನಾಲ್ಕನೇ ದಿನದಿಂದ ಬೆನ್ನು ಬಾಗುವುದು ಕಡಿಮೆಯಾಯಿತು. ಕ್ಲಬ್ಬಿನವರು ಗ್ರಿಪ್, ಚೀಕ್ ಪೀಸ್, ರೈಸರ್ ಈ ಮೂರನ್ನು ಬದಲಿಸಲು ಬರವಣಿಗೆಯಲ್ಲಿ ಒಪ್ಪಿದರು.

ಗ್ರಿಪ್ಪಿನ ಅಳತೆ ತೆಗೆದದ್ದು ಹೀಗೆ. ಹಳೆಯ ಮರದ ಗ್ರಿಪ್ಪಿನ ಅಳತೆಗೆ ತೆಳ್ಳಗಿನ ಒಂದು ದಿಮ್ಮಿಯನ್ನು ಕೆತ್ತಿಸಿ, ಅದರ ಸುತ್ತ ಮಕ್ಕಳು ಆಡುವ ಕ್ಲೇ ಮೆತ್ತಿದೆವು. ರೈಫಲ್ ಇಲ್ಲದೆ, ಕೋಟು ತೊಟ್ಟು, ಕಣ್ಣು ಮುಚ್ಚಿ ಭಂಗಿಗೆ ನಿಂತು ಅವಳು ಅದನ್ನು ಹಿಡಿದಳು. ಬಿಗಿಯಾಗಿ ಹಿಡಿಯಬೇಡ, ಕೈಕುಲುಕುವಾಗ ಹಿಡಿಯುವಷ್ಟು ಸಾಕು ಎಂದು ತರಬೇತುದಾರರು ಹೇಳಿದ್ದರು. ಐದು ಬಾರಿ ಹಿಡಿಸಿದೆವು, ಐದು ಬಾರಿಯೂ ಅಚ್ಚು ಬೇರೆ ಬೇರೆ ಬಂತು! ಆರನೇ ಬಾರಿಯಿಂದ ಬೆರಳುಗಳು ಅದೇ ತಗ್ಗಿಗೆ ಬಂದು ಕೂರತೊಡಗಿದವು. ಕಿರುಬೆರಳಿನ ಕೆಳಗೆ ಹಳೆಯ ಗ್ರಿಪ್ ಎಷ್ಟು ದಪ್ಪವಿತ್ತೆಂದರೆ ಆ ಬೆರಳು ಇಷ್ಟು ದಿನ ಸುಮ್ಮನೆ ಗಾಳಿಯಲ್ಲಿತ್ತು. ಒಂದೂವರೆ ವರ್ಷ ನಾನು ಅದನ್ನು ಗಮನಿಸಿರಲಿಲ್ಲ. ಆ ಅಚ್ಚನ್ನು ಸ್ಕ್ಯಾನ್ ಮಾಡಿ ನೈಲಾನ್ 12ರಲ್ಲಿ ಮಾಡಲು ಕೊಟ್ಟಿದ್ದೇವೆ.

ಎರಡು ಪ್ರಶ್ನೆಗಳು. ಗ್ರಿಪ್ಪಿನ ಹೊರಮೈಗೆ ರಬ್ಬರಿನಂಥ ಟಿಪಿಯು ಪದರ ಕೊಟ್ಟರೆ ಬೆವರಿಗೆ ಜಾರುವುದಿಲ್ಲ ಎನ್ನುತ್ತಾರೆ, ಕೊಡಿಸಲೇ? ಹಾಗೆಯೇ, ರೈಫಲ್ಲಿಗೆ ಗಾಳಿ ಕೊಡುವ, ಕೈಬದಲಾದ ಹಗುರ ಸಿಲಿಂಡರ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ, ಅದು ಸರಿಯೇ?

ಹಳೆಯ ಶೂಟರ್, ಈಗ ತರಬೇತುದಾರ

ಎರಡಕ್ಕೂ ಬೇಡ ಎಂದೇ ಹೇಳುತ್ತೇನೆ, ಕಾರಣಗಳು ಬೇರೆ ಬೇರೆ.

ಗ್ರಿಪ್, ಫೋರ್ ಎಂಡ್, ಸ್ಟಾಕಿನ ಕೆಳಭಾಗಕ್ಕೆ ಹಿಡಿತ ಹೆಚ್ಚಿಸುವ ವಸ್ತು ಸೇರಿಸುವುದನ್ನು ನಿಯಮ ನಿಷೇಧಿಸುತ್ತದೆ. ಹೆಬ್ಬೆರಳು ತೂರಿಸುವ ರಂಧ್ರ, ಅಂಗೈ ಆಸರೆಗೂ ಏರ್ ರೈಫಲ್ಲಿನಲ್ಲಿ ಅನುಮತಿಯಿಲ್ಲ. ನೈಲಾನಿನ ಮೈ ಸಹಜವಾಗಿಯೇ ಸ್ವಲ್ಪ ತರಿಯಾಗಿರುತ್ತದೆ, ಅದು ಸಾಕು. ರೈಸರ್ ಮಾಡಿಸುವಾಗ ಅದರ ತಳ ಬ್ಯಾರೆಲ್ಲಿನ ನಡುಗೆರೆಯಿಂದ 120 ಮಿಲಿಮೀಟರಿಗಿಂತ ಕೆಳಗಿಳಿಯಬಾರದು. ಮುಂದೆ ಭುಜಕ್ಕೆ ಒರಗುವ ಬಟ್ ಪ್ಲೇಟಿಗೆ ಕೈ ಹಾಕಿದರೆ ಅದರ ಉದ್ದ 153 ಮಿಲಿಮೀಟರ್, ಒಳಬಾಗು 20 ಮಿಲಿಮೀಟರ್ ಮೀರಬಾರದು. ಕಂಪ್ಯೂಟರಿನಲ್ಲಿ ಗೆರೆ ಎಳೆಯುವವರಿಗೆ ಈ ಅಂಕಿಗಳನ್ನು ಮೊದಲೇ ಕೊಡಿ. ತಪಾಸಣೆಯ ಮೇಜಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು ಕಾನಸು ಹುಡುಕುವ ಪರಿಸ್ಥಿತಿ ಬೇಡ.

ಸಿಲಿಂಡರಿನ ವಿಷಯದಲ್ಲಿ ಬಹಳ ಗಟ್ಟಿಯಾಗಿ ಹೇಳುತ್ತೇನೆ. ತುಂಬಿದಾಗ ಅದರೊಳಗೆ 200 ಬಾರ್ ಒತ್ತಡ ಇರುತ್ತದೆ. ಬೈಕಿನ ಟೈರಿನಲ್ಲಿ ಎರಡು ಬಾರ್ ಚಿಲ್ಲರೆ ಇರುತ್ತದೆ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಹೊಡೆಯುವ ಹೊತ್ತಿನಲ್ಲಿ ಅದು ಮಗುವಿನ ಮುಖದಿಂದ ಒಂದು ಮೊಳ ದೂರದಲ್ಲಿರುತ್ತದೆ. ಫೈನ್‌ವೆರ್ಕ್‌ಬೌ, ವಾಲ್ಥರ್, ಆನ್‌ಶುಟ್ಜ್ ಮೊದಲಾದ ತಯಾರಕರು ಸಿಲಿಂಡರಿನ ಮೇಲೆ ತಯಾರಿಕೆಯ ದಿನಾಂಕ ಒತ್ತಿರುತ್ತಾರೆ, ಹತ್ತು ವರ್ಷ ಆದ ಮೇಲೆ ಬಳಸಬಾರದೆನ್ನುತ್ತಾರೆ. ಅವಧಿ ಮೀರಿಲ್ಲವೆಂದು ನೋಡಿಕೊಳ್ಳುವ ಹೊಣೆ ಸ್ಪರ್ಧಿಯದ್ದೇ ಎಂದು ನಿಯಮಪುಸ್ತಕವೂ ಹೇಳುತ್ತದೆ. ಕೈಬದಲಾದದ್ದು ಯಾರ ಕೈಯಿಂದ ಬಿದ್ದಿತ್ತು, ಯಾರು ಅದರ ಮರೆ ಕೆಡಿಸಿದ್ದರು ಎಂಬುದು ಹೊರಗಿನಿಂದ ಕಾಣದು. ಒತ್ತಡ ಹಿಡಿಯುವ ಯಾವ ಭಾಗವನ್ನೂ ಮನೆಯಲ್ಲಿ ಬದಲಿಸಬೇಡಿ, ಅಲ್ಲಿ ಪ್ಲಾಸ್ಟಿಕ್ಕಿನ ಮಾತೇ ಬೇಡ. ಈಗ ಇರುವ ಸಿಲಿಂಡರಿನ ದಿನಾಂಕವನ್ನೂ ನಾಳೆಯೇ ನೋಡಿ.

ವಿದ್ಯಾರಣ್ಯಪುರದ ತಾಯಿ

ನೋಡಿದೆವು. ಕ್ಲಬ್ಬಿನ ಸಿಲಿಂಡರಿಗೆ ಹತ್ತು ವರ್ಷ ಆಗಲು ಇನ್ನು ಏಳೇ ತಿಂಗಳು ಉಳಿದಿದೆ. ಅವರಿಗೂ ತಿಳಿಸಿದ್ದೇವೆ, ಹೊಸದಕ್ಕೆ ಬರೆದಿದ್ದಾರೆ. ಆ ಪ್ರಶ್ನೆ ಕೇಳದೇ ಇದ್ದಿದ್ದರೆ ಯಾರೂ ನೋಡುತ್ತಿರಲಿಲ್ಲವೇನೋ.

ಕೆಂಗೇರಿಯ ತಂದೆ

ನಮ್ಮದನ್ನೂ ನೋಡಿದೆ ಮೇಡಂ. ಹನ್ನೊಂದು ವರ್ಷವಾಗಿತ್ತು. ಗಾಳಿ ಇಳಿಸಿ ಬಳಕೆಯಿಂದ ತೆಗೆದಿಟ್ಟಿದ್ದೇನೆ. ಇಲ್ಲಿ ಬರೆದವರೆಲ್ಲರಿಗೂ ಋಣಿ.

ವಿದ್ಯಾರಣ್ಯಪುರದ ತಾಯಿ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಹೊಸ ಭಾಗಗಳ ತೂಕ ಹೀಗಿದೆ: ಗ್ರಿಪ್ 120 ಗ್ರಾಂ, ಚೀಕ್ ಪೀಸ್ 110 ಗ್ರಾಂ, ರೈಸರ್ 95 ಗ್ರಾಂ. ಬಿಲ್ಲೆಗಳನ್ನೂ ಸೇರಿಸಿ 475 ಗ್ರಾಂ ಇಳಿಯಿತು. ಹಿಂಭಾಗ ಹಗುರವಾಗಿ ಸಮತೂಕ ಮತ್ತೆ ಮುಂದಕ್ಕೆ ವಾಲಿದ್ದರಿಂದ ತರಬೇತುದಾರರು ಬಟ್ ಪ್ಲೇಟಿನ ಕಂಬಿಗೆ 75 ಗ್ರಾಮಿನ ಉಕ್ಕಿನ ಬಿಲ್ಲೆ ಹಾಕಿಸಿದರು. ಈಗ ಒಟ್ಟು 4.2 ಕಿಲೋ. ಪೀಣ್ಯದ ಪ್ರಿಂಟಿಂಗ್ ಅಂಗಡಿಯವರು ಹೇಳಿದ 3 ಕಿಲೋಗೆ ನಾವು ಹತ್ತಿರವೂ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ.

ಮೊದಲ ಚೀಕ್ ಪೀಸಿನಲ್ಲಿ ಒಂದು ತಪ್ಪಾಗಿತ್ತು. ಹಿತ್ತಾಳೆ ಬುಶ್ಶನ್ನು ಅತಿಯಾಗಿ ಕಾಯಿಸಿದ್ದರಿಂದ ಸುತ್ತಲ ನೈಲಾನ್ ಕರಗಿ ಬುಶ್ ಓರೆಯಾಗಿ ಕೂತಿತ್ತು, ಬೋಲ್ಟ್ ಬಿಗಿಸಿದಾಗಲೆಲ್ಲ ಚೀಕ್ ಪೀಸ್ ಬಲಕ್ಕೆ ವಾಲುತ್ತಿತ್ತು. ಎರಡನೆಯದನ್ನು ಅಚ್ಚು ವಿನ್ಯಾಸಕರೇ ತಮ್ಮ ಕೈಯಾರೆ ಕೂರಿಸಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಬೋಲ್ಟಿನ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೆರೆ ಮುರಿದು ಕಂಡರೆ ಬೋಲ್ಟ್ ಸರಿದಿದೆ ಎಂದರ್ಥ. ಪ್ರತಿ ಭಾನುವಾರ ಅವಳೇ ಟಾರ್ಚ್ ಹಿಡಿದು ಆ ಗೆರೆಗಳನ್ನು ನೋಡುತ್ತಾಳೆ. ಮಳೆ ಶುರುವಾದ ಮೇಲೆ ರೈಸರಿನ ಒಂದು ಗೆರೆ ಮಾತ್ರ ಸ್ವಲ್ಪ ಸರಿದಿತ್ತು, ಬಿಗಿಸಿದೆವು.

ನಿನ್ನೆ ಕ್ಲಬ್ಬಿನಲ್ಲಿ 75 ನಿಮಿಷದ ಪೂರ್ಣ ಸ್ಪರ್ಧೆಯಂತೆ ಅರವತ್ತು ಹೊಡೆತ ಹೊಡೆಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅಂಕ ನೋಡದೆ ಅವಳ ಎಡ ಭುಜವನ್ನೇ ನೋಡುತ್ತಿದ್ದೆ. ನಲವತ್ತೊಂದನೆಯದಕ್ಕೂ ಐವತ್ತೈದನೆಯದಕ್ಕೂ ಅದು ಇದ್ದಲ್ಲೇ ಇತ್ತು. ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯ ಪಕ್ಕ ಕೂತು, ಐವತ್ತೆಂಟನೆಯ ಹೊಡೆತ 10.7 ಆದದ್ದು ಹೇಗೆಂದು ಕೈಸನ್ನೆ ಮಾಡಿ ವಿವರಿಸುತ್ತಲೇ ಬಂದಳು.